ಹ್ಯಾಷ್‌ಟ್ಯಾಗ್: ಕೂಗಿದ ಹೆಸರಿಗೆ ಕೈ ಎತ್ತುವ ಪಾಠ

ಕಳೆದ ವರ್ಷ ಆಗಸ್ಟ್‌ನಲ್ಲಿ ಚಾಮರಾಜನಗರದ ಕಡೆಯಿಂದ ತಾಳವಾಡಿಗೆ ತೋಟದ ಕೆಲಸಕ್ಕೆ ಬಂದಿದ್ದ ಒಬ್ಬ ತಂದೆ ನನ್ನ ಮನೆಗೆ ಬಂದರು. "ಇಲ್ಲಿ ಕನ್ನಡ ಸ್ಕೂಲು ಅದೆ ಅಂತ ಜೂನ್‌ನಲ್ಲೇ ಗೊತ್ತಾಗಿದ್ರೆ ಮಗೂನ ಇಲ್ಲೇ ಸೇರಿಸ್ತಿದ್ದೆ ಸಾ. ಫೋನ್‌ನಲ್ಲೂ ಹುಡುಕ್ದೆ, ಏನೂ ಸಿಗಲಿಲ್ಲ" ಎಂದರು. ಮಗು ಅಷ್ಟರಲ್ಲಿ ಊರಲ್ಲಿ ಅಜ್ಜಿಯ ಮನೆಯಿಂದ ಶಾಲೆಗೆ ಹೋಗುತ್ತಿತ್ತು.

ನನಗೆ ಮಾತು ಹೊರಡಲಿಲ್ಲ. ಮೇ ತಿಂಗಳಲ್ಲೇ ನಾವು ಕೆಲವರು ಸೇರಿ ದಾಖಲಾತಿಯ ಪ್ರಕಟಣೆಯನ್ನು ಫೇಸ್‌ಬುಕ್‌ಗೆ ಹಾಕಿದ್ದೆವು. ಕೆಳಗೆ "# ಕನ್ನಡ ಶಾಲೆ ತಾಳವಾಡಿ" ಎಂದು ಬರೆದವನು ನಾನೇ. ಆ ಗುರುತಿನ ಪಕ್ಕದಲ್ಲಿ ಬಿಟ್ಟ ಒಂದು ಖಾಲಿ ಜಾಗದಿಂದ ಅದು ಹ್ಯಾಷ್‌ಟ್ಯಾಗೇ ಆಗಿರಲಿಲ್ಲ. ಸರಿಯಾಗಿ ಬರೆದಿದ್ದರೆ ಅವರಿಗೆ ಖಂಡಿತ ಸಿಗುತ್ತಿತ್ತು ಎನ್ನಲಾರೆ. ಆದರೆ ಸಿಗಬಹುದಾಗಿದ್ದ ಒಂದು ದಾರಿಯನ್ನು ನಾನು ಮುಚ್ಚಿದ್ದೆ. ಮಕ್ಕಳ ಸಂಖ್ಯೆ ಕುಸಿಯುತ್ತಿರುವ ಗಡಿಶಾಲೆಗೆ ಒಂದು ಮಗು ಸಣ್ಣ ಲೆಕ್ಕವಲ್ಲ. ನನ್ನಂತೆ ತಡವಾಗಿ ಫೋನು ಹಿಡಿದವರು ಈ ತಪ್ಪು ಮಾಡಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಮೈದಾನದಲ್ಲಿ ಎಲ್ಲ ತರಗತಿಯ ಮಕ್ಕಳೂ ಬೆರೆತು ನಿಂತಿದ್ದಾರೆ ಎಂದುಕೊಳ್ಳಿ. ನೀವು "ಐದನೇ ತರಗತಿಯವರು ಕೈ ಎತ್ತಿ" ಎನ್ನುತ್ತೀರಿ. ಎಲ್ಲಿದ್ದರೂ ಆ ತರಗತಿಯ ಕೈಗಳು ಮಾತ್ರ ಮೇಲೇಳುತ್ತವೆ. ಹ್ಯಾಷ್‌ಟ್ಯಾಗ್ ಮಾಡುವುದು ಇಷ್ಟೇ. # ಗುರುತಿಗೆ ಅಂಟಿಸಿ ಒಂದು ಪದ ಬರೆದರೆ ಅದು ಕೊಂಡಿಯಾಗುತ್ತದೆ. ಅದನ್ನು ಒತ್ತಿದವರಿಗೆ ಅದೇ ಪದ ಬಳಸಿದ ಬೇರೆಯವರ ಬರಹ, ಚಿತ್ರಗಳೂ ಒಂದೆಡೆ ಕಾಣುತ್ತವೆ.

ಇದನ್ನು ಯಾವ ಕಂಪನಿಯೂ ಕಂಡುಹಿಡಿಯಲಿಲ್ಲ. 2007ರ ಆಗಸ್ಟ್ 23ರಂದು ಕ್ರಿಸ್ ಮೆಸಿನಾ ಎಂಬ ಅಮೆರಿಕದ ಬಳಕೆದಾರರು ಟ್ವಿಟರ್‌ನಲ್ಲಿ ಇದನ್ನು ಸೂಚಿಸಿದರು. ಟ್ವಿಟರ್ ಅದನ್ನು ಕೊಂಡಿಯಾಗಿಸಿದ್ದು 2009ರಲ್ಲಿ. ನಮ್ಮ ಎರಡೂ ಕಡೆ ಇದರ ಬಲ ಕಂಡಿದ್ದು 2017ರಲ್ಲಿ. ಆ ಜನವರಿಯಲ್ಲಿ ತಮಿಳುನಾಡಿನ ಯುವಕರು ಜಲ್ಲಿಕಟ್ಟಿಗಾಗಿ ಮರೀನಾ ಕಡಲತೀರದಲ್ಲಿ ಸೇರಿದಾಗ ಹ್ಯಾಷ್‌ಟ್ಯಾಗ್‌ಗಳು ಸುದ್ದಿ ಹರಡಿದವು. ಅದೇ ವರ್ಷ ಬೆಂಗಳೂರಿನಲ್ಲಿ "ನಮ್ಮ ಮೆಟ್ರೊ ಹಿಂದಿ ಬೇಡ" ಎಂಬುದು ಮೊದಲು ಹ್ಯಾಷ್‌ಟ್ಯಾಗ್ ಆಗಿಯೇ ಓಡಾಡಿತು.

ಈಗ ಬರೆಯುವ ಕ್ರಮ. ಮೊದಲನೆಯದು, ಖಾಲಿ ಜಾಗ ಬಿಡಬೇಡಿ. #ಕನ್ನಡ ಶಾಲೆ ಎಂದು ಬರೆದರೆ 'ಕನ್ನಡ' ಮಾತ್ರ ಸೇರುತ್ತದೆ, 'ಶಾಲೆ' ಹೊರಗುಳಿಯುತ್ತದೆ. #ಕನ್ನಡಶಾಲೆ ಎಂದು ಕೂಡಿಸಿ, ಇಲ್ಲವೇ #ಕನ್ನಡ_ಶಾಲೆ ಎಂದು ಅಡಿಗೆರೆ ಹಾಕಿ. ಇವೆರಡೂ ಬೇರೆ ಬೇರೆ ಹ್ಯಾಷ್‌ಟ್ಯಾಗ್‌ಗಳೆಂಬುದು ನೆನಪಿರಲಿ. ಚುಕ್ಕಿ, ಅಲ್ಪವಿರಾಮ ಬಂದರೂ ಪದ ಅಲ್ಲಿಗೇ ತುಂಡಾಗುತ್ತದೆ. ಬರೀ ಅಂಕಿ ಬರೆದರೆ ಕೆಲವೆಡೆ ಕೊಂಡಿಯಾಗದು, ಜೊತೆಗೆ ಅಕ್ಷರವಿರಲಿ.

ಎರಡನೆಯದು ನಮ್ಮ ವ್ಯಾಕರಣದ ವಿಷಯ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟುತ್ತದೆ. "#ತಾಳವಾಡಿಯಲ್ಲಿ ಶಾಲೋತ್ಸವ" ಎಂದು ಬರೆದರೆ ಅದು #ತಾಳವಾಡಿ ಎಂದು ಹುಡುಕುವವರ ಪಟ್ಟಿಗೆ ಸೇರದೆ ಬೇರೆಯೇ ಹ್ಯಾಷ್‌ಟ್ಯಾಗ್ ಆಗುತ್ತದೆ. ಆದ್ದರಿಂದ ವಾಕ್ಯವನ್ನು ಸಹಜವಾಗಿ ಬರೆದು ಮುಗಿಸಿ, ಕೊನೆಯಲ್ಲಿ ಪ್ರತ್ಯಯವಿಲ್ಲದ ಪದಗಳನ್ನು ಪ್ರತ್ಯೇಕವಾಗಿ ಹಾಕಿ.

ಮೂರನೆಯದು ಊರಿನ ಹೆಸರು. ಗಡಿನಾಡಿನ ಊರುಗಳಿಗೆ ಒಂದೊಂದು ಭಾಷೆಯಲ್ಲಿ ಒಂದೊಂದು ಕಾಗುಣಿತ. ತಾಳವಾಡಿಯನ್ನೂ ಕಾಸರಗೋಡನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಮೂರು ಬಗೆಯಾಗಿ ಬರೆಯುತ್ತಾರೆ. ಹೊಸೂರಿನವರ ಕಷ್ಟ ಇನ್ನೊಂದು: ಹೊಸೂರು ಎಂಬ ಊರುಗಳು ಕರ್ನಾಟಕದಲ್ಲೇ ಎಷ್ಟೋ ಇವೆ. ಬರೀ #ಹೊಸೂರು ಎಂದರೆ ನಿಮ್ಮ ಶಾಲೆ ಆ ಗುಂಪಿನಲ್ಲಿ ಕಳೆದುಹೋಗುತ್ತದೆ. #ಹೊಸೂರುಕನ್ನಡಶಾಲೆ ಎಂದರೆ ಗುರುತು ಸಿಗುತ್ತದೆ. ಇಂಥದ್ದೊಂದು, ಎಲ್ಲರೂ ಬಳಸುವ ಅಗಲವಾದ ಪದವೊಂದು, ಇಂಗ್ಲಿಷ್ ಅಕ್ಷರದ್ದೊಂದು, ಒಟ್ಟು ಮೂರು ಸಾಕು. ಇಪ್ಪತ್ತು ಹಾಕಿದರೆ ಓದುವವರಿಗೆ ಕಿರಿಕಿರಿ.

ಬಳಸುವ ಮೊದಲು ಆ ಪದವನ್ನು ಒಮ್ಮೆ ಹುಡುಕಿ ನೋಡಿ. ಹ್ಯಾಷ್‌ಟ್ಯಾಗ್‌ಗೆ ಒಡೆಯರಿಲ್ಲ, ಯಾರು ಬೇಕಾದರೂ ಏನನ್ನು ಬೇಕಾದರೂ ಅದರಡಿ ಹಾಕಬಹುದು. ನಿಮ್ಮ ಬರಹ 'ಸಾರ್ವಜನಿಕ' ಎಂದಿರದಿದ್ದರೆ ಹೊರಗಿನವರಿಗೆ ಕಾಣುವುದಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದದ್ದು ಆ ಗುಂಪಿನೊಳಗೇ ಉಳಿಯುತ್ತದೆ.

ಕಾಣುವುದರಲ್ಲಿ ಅಪಾಯವೂ ಇದೆ. ಹ್ಯಾಷ್‌ಟ್ಯಾಗ್ ನಮ್ಮವರನ್ನು ಮಾತ್ರ ಕರೆತರುವುದಿಲ್ಲ, ಅಪರಿಚಿತರನ್ನೂ ಕರೆತರುತ್ತದೆ. ಮಕ್ಕಳ ಮುಖ, ಹೆಸರು, ಶಾಲೆ ಮೂರನ್ನೂ ಒಟ್ಟಿಗೆ ಹಾಕಬೇಡಿ. ಚಿತ್ರ ಹಾಕಲೇಬೇಕಿದ್ದರೆ ಹೆತ್ತವರ ಒಪ್ಪಿಗೆ ಕೇಳಿ. ಶಾಲೆಯ ಕಟ್ಟಡ, ಗೋಡೆಪತ್ರಿಕೆ, ಮಕ್ಕಳು ಬಿಡಿಸಿದ ಚಿತ್ರ ಇವುಗಳಿಂದಲೂ ಶಾಲೆ ಚೆನ್ನಾಗಿ ಕಾಣುತ್ತದೆ.

ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಲಭ್ಯ ಕಲ್ಪಿಸಲು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆದರೆ ಸೌಲಭ್ಯ ಇದೆಯೆಂದು ಹೆತ್ತವರಿಗೆ ತಿಳಿಸುವ ಕೆಲಸ ನಮ್ಮದು. ಮನೆಮನೆಗೆ ಹೋಗುವುದನ್ನು ಹ್ಯಾಷ್‌ಟ್ಯಾಗ್ ತಪ್ಪಿಸುವುದಿಲ್ಲ. ನಾವು ಕದ ತಟ್ಟಲಾಗದ ಮನೆಗಳಿಗೆ ಅದು ನೆರವಾದೀತು.

ನಿಮ್ಮ ತಾಲ್ಲೂಕಿನ ಕನ್ನಡ ಶಿಕ್ಷಕರು, ಹಳೆಯ ವಿದ್ಯಾರ್ಥಿಗಳು ಒಮ್ಮೆ ಕುಳಿತು ಒಂದೇ ಕಾಗುಣಿತಕ್ಕೆ ಒಪ್ಪಿಕೊಳ್ಳಿ. ಅದನ್ನು ಶಾಲೆಯ ಸೂಚನಾ ಫಲಕದಲ್ಲೂ ಬರೆಯಿರಿ. ನಾವು ಈ ಬಾರಿ #ತಾಳವಾಡಿಕನ್ನಡಶಾಲೆ ಎಂದು ತೀರ್ಮಾನಿಸಿದ್ದೇವೆ. ಹಾಕಿದ ಮೇಲೆ ಒತ್ತಿ ನೋಡುವ ಕೆಲಸ ನನ್ನದು.