ಕೇಳದೆ ಬರುವ ಅಪ್‌ಡೇಟ್‌ಗಳು

2024ರ ಜುಲೈ 19, ಶುಕ್ರವಾರ. ಭಾರತದಲ್ಲಿ ಬೆಳಿಗ್ಗೆ 9 ಗಂಟೆ 39 ನಿಮಿಷ. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಭದ್ರತಾ ಕಂಪನಿ ತನ್ನ ಗ್ರಾಹಕರ ಕಂಪ್ಯೂಟರುಗಳಿಗೆ ಒಂದು ಪುಟ್ಟ ಕಡತ ಕಳಿಸಿತು. ಅದನ್ನು ಯಾರೂ ಕೇಳಿರಲಿಲ್ಲ, ಒಳಬರಲು ಅದಕ್ಕೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಕಡತವನ್ನು ಓದಿದ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತುಬಿಟ್ಟವು. ರೀಸ್ಟಾರ್ಟ್ ಮಾಡಿದರೆ ಮತ್ತೆ ಅದೇ ನೀಲಿ ಪರದೆ.

78 ನಿಮಿಷಗಳಲ್ಲಿ ಕಂಪನಿ ಕಡತವನ್ನು ಹಿಂದಕ್ಕೆ ಪಡೆಯಿತು. ಅಷ್ಟು ಹೊತ್ತಿಗೆ ಸುಮಾರು 85 ಲಕ್ಷ ಯಂತ್ರಗಳು ಕೆಟ್ಟಿದ್ದವು ಎಂದು ಮೈಕ್ರೋಸಾಫ್ಟ್ ಆಮೇಲೆ ಅಂದಾಜು ಮಾಡಿತು. ಜಗತ್ತಿನ ವಿಂಡೋಸ್ ಯಂತ್ರಗಳಲ್ಲಿ ಇದು ಶೇಕಡಾ 1ಕ್ಕಿಂತಲೂ ಕಡಿಮೆ. ಆದರೆ ಅವು ಇದ್ದದ್ದು ವಿಮಾನ ನಿಲ್ದಾಣ, ಆಸ್ಪತ್ರೆ, ಬ್ಯಾಂಕು, ಟಿವಿ ವಾಹಿನಿಗಳಲ್ಲಿ. ಬ್ರಿಟನ್ನಿನ ಸ್ಕೈ ನ್ಯೂಸ್ ಕೆಲಹೊತ್ತು ಪ್ರಸಾರವನ್ನೇ ನಿಲ್ಲಿಸಬೇಕಾಯಿತು. ಅಮೆರಿಕದ ಡೆಲ್ಟಾ ಸಂಸ್ಥೆ ಮುಂದಿನ ಕೆಲವು ದಿನಗಳಲ್ಲಿ ಸುಮಾರು 7,000 ವಿಮಾನಗಳನ್ನು ರದ್ದುಪಡಿಸಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಸಿಬ್ಬಂದಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದು ಕೊಟ್ಟರು. ಭಾರತದಲ್ಲಿ 10 ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳಿಗೆ ಮಾತ್ರ ಸಣ್ಣಪುಟ್ಟ ತೊಂದರೆಯಾಯಿತು ಎಂದು ರಿಸರ್ವ್ ಬ್ಯಾಂಕ್ ತಿಳಿಸಿತು.

ಕಳ್ಳರನ್ನು ತಡೆಯಲು ಇಟ್ಟ ತಂತ್ರಾಂಶವೇ ಇಷ್ಟೆಲ್ಲ ಮಾಡಿತು. ಹಾಗಾದರೆ ಅಪ್‌ಡೇಟ್‌ಗಳು ನಮ್ಮನ್ನು ಕೇಳದೆ ಬರುವ ಏರ್ಪಾಡನ್ನು ಒಪ್ಪಿಕೊಂಡದ್ದಾದರೂ ಏಕೆ?

ತಡಮಾಡಿದರೆ ಆಗುವುದೇನು

ಇದಕ್ಕೆ ಉತ್ತರ 2017ರಲ್ಲಿ ಸಿಗುತ್ತದೆ. ವಿಂಡೋಸ್‌ನ ಒಂದು ದೋಷವನ್ನು ಮುಚ್ಚುವ ಪ್ಯಾಚನ್ನು ಮೈಕ್ರೋಸಾಫ್ಟ್ ಆ ವರ್ಷ ಮಾರ್ಚ್ 14ರಂದು ಬಿಡುಗಡೆ ಮಾಡಿತ್ತು. ಮೇ 12ರಂದು ವಾನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಅದೇ ದೋಷದ ಮೂಲಕ ಹರಡಿ, ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಚಿಕಿತ್ಸೆ ಮುಂದಕ್ಕೆ ಹೋಯಿತು. ಪ್ಯಾಚ್ ಬಂದು ಸುಮಾರು ಎರಡು ತಿಂಗಳಾಗಿದ್ದರೂ ಲಕ್ಷಾಂತರ ಯಂತ್ರಗಳಲ್ಲಿ ಯಾರೂ ಅದನ್ನು ಹಾಕಿರಲಿಲ್ಲ.

ಪ್ಯಾಚ್ ಬಿಡುಗಡೆಯಾಯಿತೆಂದರೆ ದೋಷ ಎಲ್ಲಿದೆ ಎಂಬುದೂ ಬಯಲಾಯಿತೆಂದೇ ಅರ್ಥ. ಹಳೆಯ ಕಡತವನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಏನನ್ನು ತಿದ್ದಿದ್ದಾರೆಂದು ಜಾಣ ಕಳ್ಳನಿಗೆ ತಿಳಿಯುತ್ತದೆ. ಅಲ್ಲಿಂದ ಮುಂದೆ ಪ್ಯಾಚ್ ಹಾಕದ ಯಂತ್ರಗಳಿಗೆ ದಿನದಿನಕ್ಕೂ ಅಪಾಯ ಹೆಚ್ಚು. ಬಳಕೆದಾರರ ಒಪ್ಪಿಗೆಗೆ ಕಾಯುತ್ತ ಕುಳಿತರೆ ಕೆಲಸ ಕೆಡುತ್ತದೆ ಎಂಬ ಅನುಭವದಿಂದಲೇ ಸ್ವಯಂಚಾಲಿತ ಅಪ್‌ಡೇಟ್ ರೂಢಿಗೆ ಬಂತು.

21ನೆಯ ಖಾನೆ

ಈಗ ಮತ್ತೆ 2024ಕ್ಕೆ. ಕ್ರೌಡ್‌ಸ್ಟ್ರೈಕ್‌ನ ತಂತ್ರಾಂಶ ವಿಂಡೋಸ್‌ನ ಕರ್ನಲ್ ಒಳಗೆ, ಅಂದರೆ ಇಡೀ ಯಂತ್ರವನ್ನು ಆಳುವ ಒಳತಿರುಳಿನಲ್ಲಿ ಕೆಲಸ ಮಾಡುತ್ತಿತ್ತು. ಸಾಮಾನ್ಯ ಆಪ್ ಕೆಟ್ಟರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಕರ್ನಲ್ ಒಳಗೆ ಎಡವಟ್ಟಾದರೆ, ಇನ್ನಷ್ಟು ಹಾನಿಯಾಗದಿರಲೆಂದು ವಿಂಡೋಸ್ ಇಡೀ ಯಂತ್ರವನ್ನೇ ನಿಲ್ಲಿಸಿಬಿಡುತ್ತದೆ. ನೀಲಿ ಪರದೆ ಬರುವುದು ಆಗ.

ಕಂಪನಿ ಎರಡು ಬಗೆಯ ಅಪ್‌ಡೇಟ್ ಕಳಿಸುತ್ತಿತ್ತು. ಒಂದು, ತಂತ್ರಾಂಶದ ಹೊಸ ಆವೃತ್ತಿ. ಇನ್ನೊಂದು, ಹೊಸ ದಾಳಿಗಳ ಗುರುತು ಹೇಳುವ ಮಾಹಿತಿ ಕಡತ. ಜುಲೈ 19ರಂದು ಹೋದದ್ದು ಎರಡನೆಯ ಬಗೆಯದು. ಆ ಗುರುತುಗಳ ನಮೂನೆಯಲ್ಲಿ 21 ಖಾನೆಗಳಿದ್ದವು. ಅವನ್ನು ತುಂಬಿಸಬೇಕಾದ ತಂತ್ರಾಂಶ ಕೊಡುತ್ತಿದ್ದದ್ದು 20 ಮೌಲ್ಯಗಳನ್ನು ಮಾತ್ರ. ಅದುವರೆಗಿನ ಕಡತಗಳು 21ನೆಯ ಖಾನೆಯಲ್ಲಿ ಏನಿದ್ದರೂ ಸರಿ ಎನ್ನುತ್ತಿದ್ದುದರಿಂದ ಈ ಹೊಂದಿಕೆಯ ತಪ್ಪು ತಿಂಗಳುಗಟ್ಟಲೆ ಕಾಣದೆ ಉಳಿಯಿತು. ಅಂದಿನ ಕಡತ ಮೊದಲ ಬಾರಿಗೆ 21ನೆಯದನ್ನು ನಿಜವಾಗಿ ಓದಿ ನೋಡಲು ಹೇಳಿತು. ಇಲ್ಲದ ಮೌಲ್ಯವನ್ನು ಹುಡುಕುತ್ತ ತಂತ್ರಾಂಶ ತನ್ನದಲ್ಲದ ಮೆಮೊರಿಗೆ ಕೈಹಾಕಿತು, ಯಂತ್ರ ನಿಂತಿತು. ಕಡತವನ್ನು ಹೊರಗೆ ಬಿಡುವ ಮುನ್ನ ಪರಿಶೀಲಿಸುವ ವ್ಯವಸ್ಥೆಯೂ 21 ಮೌಲ್ಯ ಬಂದೇ ಬರುತ್ತದೆಂದು ನಂಬಿಕೊಂಡಿತ್ತು.

ಎಷ್ಟೋ ಗ್ರಾಹಕರು ಎಚ್ಚರಿಕೆಯಿಂದಲೇ ಇದ್ದರು. ಹೊಸ ಆವೃತ್ತಿ ಬಂದ ಕೂಡಲೇ ಬೇಡ, ಒಂದೋ ಎರಡೋ ಆವೃತ್ತಿ ಹಿಂದೆಯೇ ಇರೋಣ ಎಂದು ಸೆಟ್ಟಿಂಗ್ ಮಾಡಿಕೊಂಡಿದ್ದರು. ಆದರೆ ಆ ಸೆಟ್ಟಿಂಗ್ ತಂತ್ರಾಂಶದ ಆವೃತ್ತಿಗಳಿಗಷ್ಟೇ ಅನ್ವಯಿಸುತ್ತಿತ್ತು. ಮಾಹಿತಿ ಕಡತ ಮಾತ್ರ ಎಲ್ಲರಿಗೂ ಒಂದೇ ಸಲ ಹೋಗುತ್ತಿತ್ತು. ಬರಿಯ ಮಾಹಿತಿ ಎಂದುಕೊಂಡದ್ದು ಕರ್ನಲ್ ಒಳಗೆ ಹೋಗಿ ತಂತ್ರಾಂಶದಷ್ಟೇ ಕೆಲಸ ಕೆಡಿಸಿತು.

ರಿಪೇರಿಗೆ ಕೈಯೇ ಬೇಕು

ಕೆಡಿಸುವ ಕೆಲಸ ಇಂಟರ್ನೆಟ್ ಮೂಲಕ ನಿಮಿಷಗಳಲ್ಲಿ ಮುಗಿಯಿತು. ಸರಿಪಡಿಸಲು ಹಲವು ಕಡೆ ದಿನಗಳೇ ಹಿಡಿದವು. ಆನ್ ಆಗುವಾಗಲೇ ಯಂತ್ರ ಕುಸಿಯುತ್ತಿದ್ದುದರಿಂದ ಇಂಟರ್ನೆಟ್ಟಿನಿಂದ ತಿದ್ದುಪಡಿ ಇಳಿಯಲು ಬಹುಪಾಲು ಸಮಯವೇ ಸಿಗುತ್ತಿರಲಿಲ್ಲ. ಸಿಬ್ಬಂದಿ ಒಂದೊಂದು ಯಂತ್ರದ ಮುಂದೆ ಕುಳಿತು, ಸೇಫ್ ಮೋಡ್‌ಗೆ ಹೋಗಿ, ಆ ಕಡತವನ್ನು ಅಳಿಸಬೇಕಿತ್ತು. ಡಿಸ್ಕಿಗೆ ಬಿಟ್‌ಲಾಕರ್ ರಕ್ಷಣೆ ಇದ್ದ ಕಡೆ ಮೊದಲು 48 ಅಂಕಿಗಳ ರಿಕವರಿ ಕೀ ಹಾಕಬೇಕು. ಆ ಕೀಗಳನ್ನು ಜೋಪಾನ ಮಾಡಿದ್ದ ಸರ್ವರೇ ಕೆಟ್ಟು ಕುಳಿತಿದ್ದ ಕಚೇರಿಗಳೂ ಇದ್ದವು.

ಇದು ಮೊದಲ ಸಲವೇನೂ ಆಗಿರಲಿಲ್ಲ. 2010ರ ಏಪ್ರಿಲ್ 21ರಂದು ಮ್ಯಾಕಫೀ ಆಂಟಿವೈರಸ್‌ನ ಒಂದು ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಯ ಅತ್ಯಗತ್ಯ ಕಡತವೊಂದನ್ನೇ ವೈರಸ್ ಎಂದು ಬಗೆದು ಅಸಂಖ್ಯ ಯಂತ್ರಗಳನ್ನು ಕೆಡಿಸಿತ್ತು. ಆಗ ಮ್ಯಾಕಫೀಯ ಮುಖ್ಯ ತಂತ್ರಜ್ಞಾನ ಅಧಿಕಾರಿಯಾಗಿದ್ದ ಜಾರ್ಜ್ ಕರ್ಟ್ಸ್ 2024ರಲ್ಲಿ ಕ್ರೌಡ್‌ಸ್ಟ್ರೈಕ್‌ನ ಮುಖ್ಯಸ್ಥರಾಗಿದ್ದರು.

ಅಪ್‌ಡೇಟ್ ವೇಷದಲ್ಲಿ ದಾಳಿ

ಇನ್ನೊಂದು ಅಪಾಯ ಇದಕ್ಕಿಂತ ಗಂಭೀರ. ಒಂದೇ ದಾರಿಯಲ್ಲಿ ಸಾವಿರಾರು ಯಂತ್ರಗಳ ಒಳಹೊಕ್ಕಬಹುದಾದರೆ ದಾಳಿಕೋರರು ಹಿಡಿಯುವುದೂ ಅದೇ ದಾರಿಯನ್ನು. 2017ರ ಜೂನ್ 27ರಂದು ಉಕ್ರೇನಿನ ಎಂಇಡಾಕ್ ಎಂಬ ಲೆಕ್ಕಪತ್ರ ತಂತ್ರಾಂಶದ ಅಪ್‌ಡೇಟ್ ಮೂಲಕ ನಾಟ್‌ಪೆಟ್ಯಾ ಎಂಬ ದುಷ್ಟ ತಂತ್ರಾಂಶ ಹರಡಿತು. ಹಡಗು ಸಾಗಣೆಯ ಮೇರ್ಸ್ಕ್ ಕಂಪನಿ ಹತ್ತು ದಿನಗಳಲ್ಲಿ 4,000 ಸರ್ವರ್ ಮತ್ತು 45,000 ಕಂಪ್ಯೂಟರುಗಳಿಗೆ ಎಲ್ಲವನ್ನೂ ಹೊಸದಾಗಿ ಹಾಕಬೇಕಾಯಿತು. ಮುಂಬೈ ಬಳಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿ ಅದು ನಡೆಸುತ್ತಿದ್ದ ಟರ್ಮಿನಲ್‌ಗೂ ಬಿಸಿ ತಟ್ಟಿತು. 2020ರಲ್ಲಿ ಸೋಲಾರ್‌ವಿಂಡ್ಸ್ ಕಂಪನಿಯ ತಂತ್ರಾಂಶಕ್ಕೆ ಬೇಹುಗಾರರು ತಮ್ಮ ಸಾಲುಗಳನ್ನು ಸೇರಿಸಿದರು. ಕಂಪನಿಯದೇ ಡಿಜಿಟಲ್ ಸಹಿ ಹೊತ್ತ ಆ ಅಪ್‌ಡೇಟ್‌ಗಳನ್ನು ಸುಮಾರು 18,000 ಗ್ರಾಹಕರು ಹಾಕಿಕೊಂಡಿರಬಹುದೆಂದು ಕಂಪನಿಯೇ ಹೇಳಿತು.

ಹಾಗಾದರೆ ನಿಲ್ಲಿಸಿಬಿಡೋಣವೇ?

ಬೇಡ. ಕ್ರೌಡ್‌ಸ್ಟ್ರೈಕ್ ಪ್ರಕರಣದ ಕೇಡು ಅಷ್ಟು ಹರಡಿದ್ದು ಅಪ್‌ಡೇಟ್ ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಹೋದದ್ದರಿಂದ. ಅನ್ನ ಬೆಂದಿದೆಯೋ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕು. ಮೊದಲು ಕಂಪನಿಯದೇ ಯಂತ್ರಗಳು, ಆಮೇಲೆ ನೂರಕ್ಕೊಂದು ಗ್ರಾಹಕ, ಕೆಲವು ಗಂಟೆ ಬಿಟ್ಟು ಉಳಿದವರು ಎಂದು ಹಂತ ಮಾಡಿದ್ದರೆ ತಪ್ಪು ಮೊದಲ ಹಂತದಲ್ಲೇ ಸಿಕ್ಕಿಬೀಳುತ್ತಿತ್ತು. ಆ ಘಟನೆಯ ನಂತರ ಕಂಪನಿ ಮಾಹಿತಿ ಕಡತಗಳನ್ನೂ ಹಂತಹಂತವಾಗಿ ಕಳಿಸತೊಡಗಿತು. ಅವನ್ನು ಯಾವಾಗ ಪಡೆಯಬೇಕೆಂಬ ಆಯ್ಕೆಯನ್ನು ಗ್ರಾಹಕರಿಗೂ ಕೊಟ್ಟಿತು. ಬೂಟ್ ಆಗದ ಯಂತ್ರವನ್ನು ದೂರದಿಂದಲೇ ಸರಿಪಡಿಸುವ ಏರ್ಪಾಡನ್ನು ಮೈಕ್ರೋಸಾಫ್ಟ್ ವಿಂಡೋಸ್‌ಗೆ ಸೇರಿಸಿತು.

ಮನೆಯ ಫೋನು, ಲ್ಯಾಪ್‌ಟಾಪ್‌ಗಳಲ್ಲಿ ಸ್ವಯಂಚಾಲಿತ ಅಪ್‌ಡೇಟ್ ಆನ್ ಆಗಿಯೇ ಇರಲಿ. ಅದಿಲ್ಲದೆ ಆಗುವ ನಷ್ಟವೇ ಹೆಚ್ಚು. ಮುಖ್ಯ ಕಡತಗಳ ಬ್ಯಾಕಪ್ ಬೇರೊಂದು ಡಿಸ್ಕಿನಲ್ಲಿರಲಿ. ಬಿಟ್‌ಲಾಕರ್ ಇದ್ದರೆ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದು ಜೋಪಾನವಾಗಿಡಿ. ಹತ್ತಾರು ಕಂಪ್ಯೂಟರುಗಳಿರುವ ಕಚೇರಿಯಾದರೆ ಒಂದೆರಡಕ್ಕೆ ಮೊದಲು ಅಪ್‌ಡೇಟ್ ಬರುವಂತೆ, ಉಳಿದವಕ್ಕೆ ಒಂದೆರಡು ದಿನ ಬಿಟ್ಟು ಬರುವಂತೆ ಮಾಡಿಕೊಳ್ಳಿ. ಭದ್ರತಾ ತಂತ್ರಾಂಶ ಕೊಳ್ಳುವಾಗ ಮಾರುವವರನ್ನು ಕೇಳಲು ಎರಡು ಪ್ರಶ್ನೆಗಳಿವೆ. ಯಾವ ಬಗೆಯ ಕಡತವಾದರೂ ಹಂತಹಂತವಾಗಿ ಬರುತ್ತದೆಯೇ? ಕೆಟ್ಟರೆ ಹಿಂದಿನ ಸ್ಥಿತಿಗೆ ತಾನಾಗಿ ಮರಳುತ್ತದೆಯೇ? ನಮ್ಮನ್ನು ಕೇಳದೆ ಯಂತ್ರದ ಒಳಗೆ ಬರುವ ಅಧಿಕಾರ ಪಡೆದವರು ಇವೆರಡಕ್ಕೂ ಬರಹದಲ್ಲಿ ಉತ್ತರ ಕೊಡಬೇಕು.