ಸೂಜಿಗಲ್ಲು, ಕೀಲೆಣ್ಣೆ ಮತ್ತು ಕಾಕಾನ ಟೆಂಪೋ

ಈ ಸಂಚಿಕೆಗೆ ಒಂದು ಕವಿತೆ ಕೊಡಲೇಬೇಕೆಂದು ಸಂಘದ ಕಾರ್ಯದರ್ಶಿಗಳು ಗಂಟುಬಿದ್ದರು. ಕವಿತೆ ನನ್ನ ಕೈಗೆ ಹತ್ತುವುದಿಲ್ಲ. ಹತ್ತಿರುವುದು ಎಂಜಿನ್ನಿನ ಮಸಿ ಮಾತ್ರ. "ಹಾಗಾದರೆ ಆ ಮಸಿಯ ಬಗ್ಗೆಯೇ ಬರಿ, ಆದರೆ ಕನ್ನಡದಲ್ಲಿ ಬರಿ" ಎಂದರು. ಬರೆಯಲು ಕೂತಾಗ ಗೊತ್ತಾಯಿತು, ಮೆಕ್ಯಾನಿಕಲ್ ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಕಣ್ಣಾರೆ ಕಂಡು ಕಲಿತದ್ದು ಪುಣೆಯ ಗ್ಯಾರೇಜುಗಳ ಮರಾಠಿಯಲ್ಲಿ, ಬೈಸಿಕೊಂಡದ್ದು ಮಾತ್ರ ಕನ್ನಡದಲ್ಲಿ. ಆದ್ದರಿಂದ ಬೈಸಿಕೊಂಡ ಕತೆಯಿಂದಲೇ ಶುರು ಮಾಡುತ್ತೇನೆ.

ನಮ್ಮ ಕಾಕಾ ಬಾಗಲಕೋಟೆ ಕಡೆಯಿಂದ ಪುಣೆಗೆ ಬಂದು ಇಪ್ಪತ್ತು ವರ್ಷವಾಯಿತು. ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಿಂದ ಉಳ್ಳಾಗಡ್ಡಿ, ಬಟಾಟೆ ಹೇರುವ ಒಂದು ಸಣ್ಣ ಡೀಸೆಲ್ ಟೆಂಪೋ ಅವನದು. ಆ ಟೆಂಪೋದ ಮೇಲೆಯೇ ಮನೆ ನಡೆಯುತ್ತದೆ, ನನ್ನ ಊಟವೂ ನಡೆಯುತ್ತದೆ. ಎರಡನೆಯ ವರ್ಷದಲ್ಲಿದ್ದಾಗ, 2022ರ ದೀಪಾವಳಿಯ ಸುಮಾರಿಗೆ, ನಾನು ಅವನಿಗೊಂದು ಉಡುಗೊರೆ ತಂದೆ. ಅದೇ ಮ್ಯಾಗ್ನೆಟಿಕ್ ಡ್ರೇನ್ ಪ್ಲಗ್ಗು.

ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿ ಇರುತ್ತದೆ. ಪುಸ್ತಕದಲ್ಲಿ ಅದರ ಹೆಸರು ಸಂಪ್, ಗ್ಯಾರೇಜಿನಲ್ಲಿ ಚೇಂಬರ್. ಅದರ ಅತಿ ತಗ್ಗಿನ ಜಾಗದಲ್ಲಿ ಹಳೆಯ ಎಣ್ಣೆ ಇಳಿಸಲಿಕ್ಕೆಂದು ಒಂದು ಬೋಲ್ಟು ಹಾಕಿರುತ್ತಾರೆ. ಅದು ಡ್ರೇನ್ ಪ್ಲಗ್ಗು. ಅದರ ಒಳತುದಿಗೆ ಅಯಸ್ಕಾಂತ ಕೂರಿಸಿದರೆ ಎಣ್ಣೆಯಲ್ಲಿ ತೇಲಿ ಬರುವ ಕಬ್ಬಿಣದ ಪುಡಿ ಅಲ್ಲಿ ಅಂಟಿಕೊಳ್ಳುತ್ತದೆ. ವಿಚಾರ ಇಷ್ಟೇ. ನಮ್ಮ ಹಿರಿಯರು ಅಯಸ್ಕಾಂತಕ್ಕೆ ಸೂಜಿಗಲ್ಲು ಎಂದು ಹೆಸರಿಟ್ಟಿದ್ದರಲ್ಲ, ಆ ಹೆಸರು ನನಗೆ ಬಹಳ ಇಷ್ಟ. ಮುಂದೆ ಅದನ್ನೇ ಬಳಸುತ್ತೇನೆ.

ಮೊದಲ ಸಲ ಆಯಿಲ್ ಬದಲಿಸಿದಾಗ ಪ್ಲಗ್ಗಿನ ತುದಿಗೆ ಬೂದುಬಣ್ಣದ ದಪ್ಪ ಕೆಸರು, ಅದರ ಮೇಲೆ ಸಣ್ಣ ಸಣ್ಣ ಮುಳ್ಳು. ಕಾಕಾ ಹಿಗ್ಗಿದ. "ಲೇ ತಮ್ಮಾ, ಮುಳ್ಳಹಂದಿ ಕಂಡಂಗ ಕಾಣತೈತಲ್ಲೋ! ಇಷ್ಟೆಲ್ಲಾ ನನ್ನ ಎಂಜಿನ್‌ದಾಗ ತಿರಗಾಕ್ಹತ್ತಿತ್ತೇನು?" ಅಂದ. ಓಣಿಯ ಡ್ರೈವರುಗಳೆಲ್ಲ ಬಂದು ನೋಡಿ ಹೋದರು. ಎರಡನೆಯ ಸಲ ಕೆಸರು ತೀರ ಕಡಿಮೆ. ಸವೆತ ಕಡಿಮೆಯಾಯಿತೆಂದು ನಾನು ತೀರ್ಪು ಕೊಟ್ಟೆ. ಅಷ್ಟಕ್ಕೇ ನಿಲ್ಲಲಿಲ್ಲ. ಗಾಡಿಯ ಕೈಪಿಡಿಯಲ್ಲಿ 10,000 ಕಿ.ಮೀ.ಗೊಮ್ಮೆ ಎಣ್ಣೆ, ಫಿಲ್ಟರ್ ಎರಡೂ ಬದಲಿಸಬೇಕೆಂದು ಇತ್ತು. "ಕಬ್ಬಿಣವನ್ನೆಲ್ಲ ಸೂಜಿಗಲ್ಲು ಹಿಡೀತಿದೆ, 18,000 ತನಕ ಓಡಿಸಬಹುದು" ಎಂದು ನಾನೇ ಹೇಳಿದೆ. ಎಂಜಿನಿಯರಿಂಗ್ ಓದುವ ಹುಡುಗನ ಮಾತು ಎಂದು ಕಾಕಾ ನಂಬಿದ.

2023ರ ಬೇಸಿಗೆ ಮುಗಿಯುವಾಗ, ಸಾತಾರಾ ಕಡೆಗೆ ಭಾರ ಹೇರಿಕೊಂಡು ಖಂಬಾಟಕಿ ಘಾಟು ಹತ್ತುತ್ತಿದ್ದಾಗ ಕೆಳಗಿನಿಂದ ಟಕ ಟಕ ಸದ್ದು ಶುರುವಾಯಿತು. ಘಾಟು ದಾಟುವ ಮೊದಲೇ ಎಂಜಿನ್ ಜಾಮ್. ಗ್ಯಾರೇಜಿನಲ್ಲಿ ಬಿಚ್ಚಿದರೆ ಕನೆಕ್ಟಿಂಗ್ ರಾಡಿನ ಬೇರಿಂಗ್ ತನ್ನ ಜಾಗದಲ್ಲೇ ತಿರುಗಿಹೋಗಿತ್ತು, ಕ್ರ್ಯಾಂಕಿನ ಮೇಲೆ ಉಗುರಿನಿಂದ ಪರಚಿದಂತೆ ಗೆರೆ. ಮಿಸ್ತ್ರಿ ನಮ್ಮ ಕಡೆಯವನೇ. ಬೇರಿಂಗಿನ ಚಿಪ್ಪನ್ನು ನನ್ನ ಅಂಗೈಯಲ್ಲಿಟ್ಟ. ಮೇಲಿನ ಬೂದು ಪದರು ಪೂರ್ತಿ ತೇದು ಒಳಗಿನ ತಾಮ್ರ ಕೆಂಪಗೆ ಹೊಳೆಯುತ್ತಿತ್ತು. ನಾನು ಪ್ಲಗ್ಗು ತೆಗೆದು ತೋರಿಸಿದೆ. ಅದು ಹೆಚ್ಚು ಕಡಿಮೆ ಸ್ವಚ್ಛವಾಗಿಯೇ ಇತ್ತು!

"ಎಂಜಿನಿಯರ್ ಸಾಹೇಬ್ರ, ತಾಮ್ರಕ್ಕ ಚುಂಬಕ ಹಿಡೀತೈತೇನ್ರೀ?" ಅಂದ ಮಿಸ್ತ್ರಿ.

ಟೆಂಪೋ ಹದಿನೇಳು ದಿನ ನಿಂತಿತು. ತಂಗಿಯ ಕಾಲೇಜು ಫೀಗೆಂದು ಕಾಕು ಎತ್ತಿಟ್ಟಿದ್ದ ಹಣ ಕ್ರ್ಯಾಂಕಿಗೆ ಹೋಯಿತು. ಕಾಕಾ ಬೈದದ್ದು ಒಂದೇ ದಿನ. ಅದನ್ನು ಇಲ್ಲಿ ಬರೆಯುವಂತಿಲ್ಲ.

ಆಮೇಲೆ ನಾನು ಕೂತು ಲೆಕ್ಕ ಹಾಕಿದೆ. ಎಲ್ಲಿ ತಪ್ಪಿದೆ?

ಮೊದಲನೆಯದು ಮಿಸ್ತ್ರಿ ಹೇಳಿದ್ದೇ. ಎಂಜಿನ್ನಿನಲ್ಲಿ ಕಬ್ಬಿಣ, ಉಕ್ಕು ಇರುವುದು ಸಿಲಿಂಡರ್ ಲೈನರ್, ರಿಂಗು, ಕ್ಯಾಮು, ಕ್ರ್ಯಾಂಕು ಇಂಥ ಕಡೆ. ಪಿಸ್ಟನ್ ಸಾಮಾನ್ಯವಾಗಿ ಅಲ್ಯುಮಿನಿಯಮ್ಮಿನದು. ಬೇರಿಂಗಿನ ಚಿಪ್ಪಿನ ಬೆನ್ನು ಉಕ್ಕಿನದಾದರೂ ಕ್ರ್ಯಾಂಕಿಗೆ ತಾಗುವ ಮೈ ತಾಮ್ರ, ತವರ, ಸೀಸ ಅಥವಾ ಅಲ್ಯುಮಿನಿಯಮ್ಮಿನ ಮಿಶ್ರಲೋಹ. ಇವು ಯಾವುವೂ ಸೂಜಿಗಲ್ಲಿಗೆ ಸಿಗುವುದಿಲ್ಲ. ಗಾಳಿಯೊಡನೆ ಒಳಹೊಕ್ಕ ಧೂಳೂ ಸಿಗುವುದಿಲ್ಲ. ಅದು ಬಹುಪಾಲು ಮರಳಿನ ಕಲ್ಲುಪುಡಿ, ಉಕ್ಕನ್ನೇ ಗೀರುವಷ್ಟು ಗಟ್ಟಿ. ಏರ್ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪು ಒಂದಿಷ್ಟು ಸೀಳಿದ್ದರೆ ಸಾಕು, ಕೆಳಗೆ ಎಷ್ಟು ಸೂಜಿಗಲ್ಲು ಕಟ್ಟಿದರೂ ಲೈನರು ಉಳಿಯುವುದಿಲ್ಲ.

ಎರಡನೆಯ ತಪ್ಪು ನನಗೆ ಲ್ಯಾಬಿನಲ್ಲಿ ಹೊಳೆಯಿತು. ಕೊಂಡ ದಿನ ಆ ಪ್ಲಗ್ಗು ಒಂದು ಸ್ಪ್ಯಾನರನ್ನು ಸಲೀಸಾಗಿ ಎತ್ತಿ ಹಿಡಿದಿತ್ತು. ಈಗ ಎತ್ತಿದ್ದು ಒಂದು ಹೊಲಿಗೆ ಸೂಜಿಯನ್ನು ಮಾತ್ರ. ಇಂದು ಅಗ್ಗವಾಗಿ ಸಿಗುವ ಬಲವಾದ ಅಯಸ್ಕಾಂತಗಳು ನಿಯೋಡಿಮಿಯಮ್, ಕಬ್ಬಿಣ, ಬೋರಾನ್ ಸೇರಿಸಿ ಮಾಡಿದವು. 1980ರ ದಶಕದ ಮೊದಲ ಭಾಗದಲ್ಲಿ ಜಪಾನಿನಲ್ಲೂ ಅಮೆರಿಕದಲ್ಲೂ ಬೇರೆ ಬೇರೆಯಾಗಿ ಕಂಡುಹಿಡಿದದ್ದು. ಇವುಗಳಲ್ಲಿ ಸಾಧಾರಣ ದರ್ಜೆಯವಕ್ಕೆ ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಕ್ತಿ ಇಳಿಯುತ್ತದೆ, ತಣ್ಣಗಾದ ಮೇಲೂ ಮರಳುವುದಿಲ್ಲ. ಭಾರ ಎಳೆಯುವ ಎಂಜಿನ್ನಿನ ಚೇಂಬರಿನಲ್ಲಿ ಎಣ್ಣೆ 100 ಡಿಗ್ರಿ ದಾಟುವುದು ದಿನನಿತ್ಯದ ಮಾತು. ಎರಡನೆಯ ಸಲ ಕೆಸರು ಕಡಿಮೆಯಾದದ್ದು ಎಂಜಿನ್ ಸವೆಯದ್ದಕ್ಕಲ್ಲ, ಸೂಜಿಗಲ್ಲು ಸೊರಗಿದ್ದಕ್ಕೆ! ಬಿಸಿಗೆಂದೇ ಮಾಡಿದ ದರ್ಜೆಗಳಿವೆ. ಸಮೇರಿಯಮ್-ಕೋಬಾಲ್ಟ್ ಇದೆ, ಹಳೆಯ ಅಲ್ನಿಕೋ ಇದೆ. ಅಲ್ನಿಕೋ ಎಳೆಯುವುದು ಕಡಿಮೆ, ಆದರೆ ಎಂಜಿನ್ನಿನ ಬಿಸಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಕೊಳ್ಳುವಾಗ ಎಷ್ಟು ಡಿಗ್ರಿಯ ತನಕ ತಡೆಯುತ್ತದೆಂದು ಬರೆದಿರದ ಪ್ಲಗ್ಗನ್ನು ಮುಟ್ಟಬೇಡಿ. ಅಯಸ್ಕಾಂತವನ್ನು ಬರೇ ಅಂಟಿನಿಂದ ಕೂರಿಸಿದ್ದರೂ ಬೇಡ. ಅದು ಕಳಚಿ ಚೇಂಬರಿಗೆ ಬಿದ್ದರೆ ಹೊಸ ತಲೆನೋವು.

ಮೂರನೆಯದೇ ದೊಡ್ಡ ತಪ್ಪು. ಸೂಜಿಗಲ್ಲು ಹಿಡಿಯುವುದು ಸವೆದು ಬಂದದ್ದನ್ನು. ಸವೆಯದಂತೆ ನೋಡಿಕೊಳ್ಳುವುದು ಎಣ್ಣೆ. ಕಾವಲುಗಾರನನ್ನು ಮನೆಗೆ ಕಳಿಸಿ ಪಂಚನಾಮೆ ಬರೆಯುವವನನ್ನು ನಾನು ನೆಚ್ಚಿ ಕೂತಿದ್ದೆ.

ಎಣ್ಣೆ ಹೇಗೆ ಕಾಯುತ್ತದೆ ಎಂಬುದಕ್ಕೆ ಒಂದು ಸೊಗಸಾದ ಕತೆ ಇದೆ, ಅದರಲ್ಲೂ ಒಂದು ಪ್ಲಗ್ಗು ಬರುತ್ತದೆ. 1883ರಲ್ಲಿ ಇಂಗ್ಲೆಂಡಿನಲ್ಲಿ ಬೀಚಮ್ ಟವರ್ ಎಂಬ ಎಂಜಿನಿಯರ್ ರೈಲಿನ ಅಚ್ಚಿಗೆ ಹಾಕುವಂಥ ಬೇರಿಂಗುಗಳ ಘರ್ಷಣೆ ಅಳೆಯುತ್ತಿದ್ದ. ತಿರುಗುವ ಅಚ್ಚಿನ ಕೆಳಭಾಗ ಎಣ್ಣೆಯಲ್ಲಿ ಮುಳುಗಿತ್ತು, ಮೇಲೆ ಹಿತ್ತಾಳೆಯ ಬೇರಿಂಗು. ಎಣ್ಣೆಬಟ್ಟಲು ಇಡಲೆಂದು ಬೇರಿಂಗಿನ ನೆತ್ತಿಯಲ್ಲಿ ತೂತು ಕೊರೆದ. ಯಂತ್ರ ತಿರುಗಿಸಿದರೆ ಆ ತೂತಿನಿಂದ ಎಣ್ಣೆ ಉಕ್ಕಿ ಹೊರಬಂತು. ಬೆಂಡು ಹೊಡೆದು ಮುಚ್ಚಿದ, ಹಾರಿತು. ಮರದ ಗೂಟ ಬಡಿದ, ಅದನ್ನೂ ಎಣ್ಣೆ ದೂಡಿ ಹಾಕಿತು. ಕೊನೆಗೆ ಒತ್ತಡ ಅಳೆಯುವ ಗೇಜು ಹಾಕಿ ನೋಡಿದರೆ ಬೇರಿಂಗಿನ ಮೇಲೆ ಹೇರಿದ್ದ ಸರಾಸರಿ ಒತ್ತಡದ ಎರಡರಷ್ಟನ್ನೂ ಮೀರಿತ್ತು. ಅಂದರೆ ಅಚ್ಚು ಬೇರಿಂಗಿಗೆ ತಾಗಿಯೇ ಇರಲಿಲ್ಲ. ತಿರುಗುವ ರಭಸಕ್ಕೆ ಸಂದಿಗೆ ಎಳೆದುಕೊಂಡ ಎಣ್ಣೆಯ ಪೊರೆ ಇಡೀ ಭಾರವನ್ನು ಎತ್ತಿ ಹಿಡಿದಿತ್ತು. ಇದರ ಗಣಿತವನ್ನು 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಬರೆದ. ನಮಗೆ ಐದನೆಯ ಸೆಮಿಸ್ಟರಿನಲ್ಲಿ ಹೊಟ್ಟೆನೋವು ತರಿಸುವ ಸಮೀಕರಣ ಅದೇ.

ಎಂಜಿನ್ನಿನಲ್ಲಿ ಈ ಪೊರೆ ಕೆಲವೇ ಮೈಕ್ರಾನ್ ದಪ್ಪ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್. ಪೊರೆಯಷ್ಟೇ ಗಾತ್ರದ ಕಣ ಸಂದಿಯಲ್ಲಿ ಸಿಕ್ಕರೆ ಎರಡೂ ಕಡೆ ಉಜ್ಜುತ್ತದೆ, ಅದಕ್ಕಿಂತ ತೀರ ಸಣ್ಣದು ಎಣ್ಣೆಯೊಡನೆ ಜಾರಿಹೋಗುತ್ತದೆ. ಸಾಧಾರಣ ಕಾಗದದ ಫಿಲ್ಟರು ದೊಡ್ಡ ಕಣಗಳನ್ನು ಚೆನ್ನಾಗಿ ಹಿಡಿದರೂ ಈ ಅಪಾಯದ ಗಾತ್ರದವನ್ನು ಪೂರ್ತಿ ಹಿಡಿಯಲಾರದು. ಸೂಜಿಗಲ್ಲಿನ ನಿಜವಾದ ಉಪಕಾರ ಇಲ್ಲಿದೆ: ಹತ್ತಿರ ಬಂದ ಕಬ್ಬಿಣದ ಕಣ ಎಷ್ಟೇ ಸಣ್ಣದಿರಲಿ, ಎಳೆದುಕೊಳ್ಳುತ್ತದೆ. ಕಬ್ಬಿಣದ ಪುಡಿ ಎಣ್ಣೆ ಬೇಗ ಹಳಸುವುದಕ್ಕೂ ಕಾರಣವಾಗುತ್ತದೆ, ಅದನ್ನೂ ಒಂದಿಷ್ಟು ತಗ್ಗಿಸುತ್ತದೆ. ಆದರೆ ಹತ್ತಿರ ಬರಬೇಕಲ್ಲ! ಪಂಪು ಎಣ್ಣೆ ಹೀರುವುದು ಬೇರೆ ಮೂಲೆಯಿಂದ.

ಎಂಜಿನ್ ಚಾಲೂ ಮಾಡಿದ ಮೊದಲ ಕ್ಷಣಗಳಲ್ಲಿ, ರಿಂಗು ಮೇಲೆ ಹೋಗಿ ತಿರುಗಿ ಬರುವ ಬಿಂದುವಿನಲ್ಲಿ, ಈ ಪೊರೆಯೂ ಇರುವುದಿಲ್ಲ. ಲೋಹಕ್ಕೆ ಲೋಹ ತಾಗುತ್ತದೆ. ಅಲ್ಲಿ ಕೆಲಸ ಮಾಡುವುದು ಎಣ್ಣೆಗೆ ಬೆರೆಸಿದ ಔಷಧಿಗಳು. ಸತು, ರಂಜಕ, ಗಂಧಕ ಸೇರಿದ ಒಂದು ಸಂಯುಕ್ತ ಬಿಸಿಗೆ ಒಡೆದು ಲೋಹದ ಮೈಮೇಲೆ ಗಾಜಿನಂಥ ಲೇಪ ಕಟ್ಟುತ್ತದೆ, ತೇಯುವುದು ಆ ಲೇಪ. ಇನ್ನೊಂದು ಔಷಧಿ ಡೀಸೆಲ್ ಉರಿದ ಮಸಿಯನ್ನು ಗಡ್ಡೆಕಟ್ಟದಂತೆ ಚದುರಿಸಿ ಇಡುತ್ತದೆ. ಮತ್ತೊಂದು ಆಮ್ಲವನ್ನು ಕೊಲ್ಲುತ್ತದೆ. ಡೀಸೆಲ್ ಎಂಜಿನ್ನಿನ ಎಣ್ಣೆ ಹಾಕಿದ ನಾಲ್ಕೇ ದಿನಕ್ಕೆ ಕಪ್ಪಾದರೆ ಗಾಬರಿ ಬೇಡ, ಅದು ಮಸಿಯನ್ನು ಎತ್ತಿಕೊಂಡು ತಿರುಗುತ್ತಿದೆ ಎಂದರ್ಥ. ಆದರೆ ಈ ಔಷಧಿಗಳೆಲ್ಲ ಖರ್ಚಾಗುವಂಥವು. 18,000 ಕಿ.ಮೀ.ಗೆ ಕಾಕಾನ ಎಣ್ಣೆ ಮಸಿಯಿಂದ ಮಂದವಾಗಿತ್ತು, ಫಿಲ್ಟರು ಕಟ್ಟಿಹೋಗಿತ್ತು. ಫಿಲ್ಟರು ಕಟ್ಟಿದರೆ ಎಣ್ಣೆ ನಿಲ್ಲಬಾರದೆಂದು ಒಂದು ಅಡ್ಡದಾರಿಯ ವಾಲ್ವು ತೆರೆದುಕೊಳ್ಳುತ್ತದೆ. ಆಗ ಸೋಸದ ಎಣ್ಣೆಯೇ ನೇರ ಬೇರಿಂಗಿಗೆ ಹೋಗುತ್ತದೆ. ಆ ಕೆಂಪು ತಾಮ್ರಕ್ಕೆ ಇದೇ ಕಾರಣವಿರಬೇಕೆಂದು ನನ್ನ ಲೆಕ್ಕ. ಮಿಸ್ತ್ರಿಯೂ ಒಪ್ಪಿದ.

ಒಳ್ಳೆಯ ಎಣ್ಣೆ ಎಂದರೆ ದುಬಾರಿ ಎಣ್ಣೆ ಎಂದು ತಿಳಿಯಬೇಡಿ. ಡಬ್ಬಿಯ ಮೇಲಿನ ಎರಡು ಗುರುತು ಓದಿದರೆ ಸಾಕು. 15ಡಬ್ಲ್ಯೂ-40 ಎಂದಿದ್ದರೆ ಡಬ್ಲ್ಯೂ ಎಂಬುದು ಚಳಿಗಾಲದ ಇಂಗ್ಲಿಷ್ ಮೊದಲಕ್ಷರ. ಅದರ ಹಿಂದಿನ ಅಂಕಿ ಸಣ್ಣದಾದಷ್ಟೂ ಚಳಿಯಲ್ಲಿ ಎಣ್ಣೆ ಬೇಗ ಹರಿಯುತ್ತದೆ. 40 ಎಂಬುದು 100 ಡಿಗ್ರಿಯಲ್ಲಿ ಎಷ್ಟು ಮಂದವಿರಬೇಕೆಂಬ ದರ್ಜೆ. ಇನ್ನೊಂದು ಗುರುತು ಎಪಿಐ ಅಕ್ಷರಗಳು: ಎಸ್‌ನಿಂದ ಶುರುವಾದರೆ ಪೆಟ್ರೋಲಿಗೆ, ಸಿಯಿಂದ ಶುರುವಾದರೆ ಡೀಸೆಲಿಗೆ. ಸಿಐ-4 ಬಂದದ್ದು 2002ರಲ್ಲಿ, ಸಿಕೆ-4 ಬಂದದ್ದು 2016ರಲ್ಲಿ. ಕೈಪಿಡಿ ಯಾವುದನ್ನು ಹೇಳಿದೆಯೋ ಅದನ್ನು, ಮುಚ್ಚಳ ಒಡೆಯದ ಡಬ್ಬಿಯಲ್ಲಿ ತನ್ನಿ. ಹಳೆಯ ಎಣ್ಣೆಯನ್ನೇ ಸೋಸಿ ಬಣ್ಣ ಬರಿಸಿ ಮಾರುವ ಲೂಜ್ ಆಯಿಲಿನ ಹತ್ತಿರ ಹೋಗಬೇಡಿ. ನಮ್ಮಲ್ಲಿ ಮೋಟಾರ್ ಸೈಕಲ್ ಓಡಿಸುವವರೇ ಹೆಚ್ಚು, ಅವರಿಗೊಂದು ಮಾತು. ಬಹುತೇಕ ಬೈಕುಗಳ ಕ್ಲಚ್ಚು ಎಂಜಿನ್ ಎಣ್ಣೆಯಲ್ಲೇ ಮುಳುಗಿರುತ್ತದೆ. ಜಾರಿಕೆ ಹೆಚ್ಚಿಸುವ ಔಷಧಿ ಬೆರೆಸಿದ ಕಾರಿನ ಎಣ್ಣೆ ಹಾಕಿದರೆ ಕ್ಲಚ್ಚೂ ಜಾರುತ್ತದೆ. ಡಬ್ಬಿಯ ಮೇಲೆ ಜಾಸೋ ಎಂಎ ಎಂದಿರಬೇಕು.

(ನಮ್ಮಜ್ಜ ಬಂಡಿಯ ಅಚ್ಚಿಗೆ ಔಡಲೆಣ್ಣೆ ಹಾಕುತ್ತಿದ್ದ. ಅದು ಹಳ್ಳಿಗಾಡಿನ ಪದ್ಧತಿಯೆಂದು ನಗಬೇಡಿ, ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೇ ಔಡಲೆಣ್ಣೆಯ ಇಂಗ್ಲಿಷ್ ಹೆಸರಿನಿಂದ.)

ಇಷ್ಟಾದರೂ ಸೂಜಿಗಲ್ಲನ್ನು ನಾನು ಬಿಟ್ಟಿಲ್ಲ. ವಿಮಾನದ ಎಂಜಿನ್ನುಗಳಲ್ಲಿ, ಹೆಲಿಕಾಪ್ಟರಿನ ಗೇರ್‌ಬಾಕ್ಸಿನಲ್ಲಿ ಇಂಥದೇ ಸಾಧನ ಇರುತ್ತದೆ. ಲೋಹದ ಚೂರು ಅದರ ಎರಡು ತುದಿಗಳನ್ನು ಕೂಡಿಸಿದರೆ ಪೈಲಟಿನ ಮುಂದೆ ದೀಪ ಹತ್ತುತ್ತದೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಸೈಫರ್ಟ್ ಮತ್ತು ವೆಸ್ಟ್‌ಕಾಟ್ ಎಂಬಿಬ್ಬರು ಎಣ್ಣೆಯ ಕಣಗಳನ್ನು ಅಯಸ್ಕಾಂತದಿಂದ ಗಾಜಿನ ಮೇಲೆ ಸಾಲಾಗಿ ಕೂರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ಫೆರೋಗ್ರಫಿ ಎಂಬ ವಿದ್ಯೆಯನ್ನೇ ಕಟ್ಟಿದರು. ತೆಳ್ಳನೆಯ ಹೊಪ್ಪಳೆ ಕಂಡರೆ ಸಾಮಾನ್ಯ ಸವೆತ, ಲೇಥಿನ ಚೂರಿನಂತೆ ಸುರುಳಿಯಾಗಿದ್ದರೆ ಏನೋ ಒಂದು ಕೊರೆಯುತ್ತಿದೆ ಎಂದು ತಿಳಿಯುತ್ತದೆ. ನಮಗೆ ಸೂಕ್ಷ್ಮದರ್ಶಕ ಬೇಡ, ಬೆರಳು ಸಾಕು. ಪ್ಲಗ್ಗಿನ ಕೆಸರನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿ. ಕಾಡಿಗೆಯಂತೆ ನುಣುಪಾಗಿದ್ದರೆ ಚಿಂತೆಯಿಲ್ಲ, ಹೊಸ ಎಂಜಿನ್ನಿನ ಮೊದಲ ಎಣ್ಣೆಯಲ್ಲಿ ಅದು ಹೆಚ್ಚಿರುವುದೂ ಸಹಜ. ಚುಚ್ಚುವ ಚೂರು ಸಿಕ್ಕರೆ ಗಾಡಿ ನಿಲ್ಲಿಸಿ. ಪ್ಲಗ್ಗು ನೋಡಿ ಮುಗಿಸಬೇಡಿ, ಇಳಿಸಿದ ಎಣ್ಣೆಯನ್ನೂ ಬಿಸಿಲಿಗೆ ಹಿಡಿದು ನೋಡಿ. ಚಿನ್ನದ ಬಣ್ಣದ ಮಿಂಚು ಕಂಡರೆ ಅದು ಬೇರಿಂಗಿನ ಸುದ್ದಿ. ಮತ್ತೆ ಹಾಕುವಾಗ ಹೊಸ ವಾಷರ್ ಹಾಕಿ. ಅಲ್ಯುಮಿನಿಯಮ್ ಚೇಂಬರಿಗೆ ಜೋರು ತೋರಿಸಿದರೆ ಥ್ರೆಡ್ ಕಿತ್ತು ಕೈಗೆ ಬರುತ್ತದೆ.

ನನ್ನನ್ನು ಕೇಳಿದರೆ ಸೂಜಿಗಲ್ಲು ಹೆಚ್ಚು ಸಲ್ಲುವುದು ಗೇರ್‌ಬಾಕ್ಸಿಗೆ, ಹಿಂದಿನ ಅಚ್ಚಿನ ಡಿಫರೆನ್ಷಿಯಲ್ಲಿಗೆ. ಅಲ್ಲಿ ಸವೆಯುವುದು ಬಹುಪಾಲು ಉಕ್ಕಿನ ಹಲ್ಲು, ಸಾಮಾನ್ಯವಾಗಿ ಫಿಲ್ಟರೂ ಇರುವುದಿಲ್ಲ, ಬಿಸಿಯೂ ಎಂಜಿನ್ನಿಗಿಂತ ಕಡಿಮೆ. ಕಾಕಾನ ಟೆಂಪೋಕ್ಕೆ ಈಗ ಎರಡೂ ಕಡೆ ಬಿಸಿ ತಡೆಯುವ ಪ್ಲಗ್ಗು ಹಾಕಿದ್ದೇವೆ. ಎಣ್ಣೆ ಬದಲಿಸುವ ಕಿಲೋಮೀಟರನ್ನು ಕಾಕಾ ಬಾಗಿಲಿನ ಒಳಗೆ ಬಣ್ಣದಿಂದ ಬರೆಸಿದ್ದಾನೆ, ನನ್ನ ಮಾತಿಗೆ ಅಳಿಸದಂತೆ.

ಹೋದ ತಿಂಗಳು ಆಯಿಲ್ ಇಳಿಸುವಾಗ ನಾನು ಪ್ಲಗ್ಗು ಹಿಡಿದು, ಕೆಸರು ಉಜ್ಜಿ, ನುಣುಪಾಗಿದೆ ಎಂದು ಹೇಳಲು ಬಾಯಿ ತೆರೆದಿದ್ದೆ.

"ಅದು ಇರ್ಲಿ, ಮೊದಲ ಹೊಸಾ ಫಿಲ್ಟರ್ ತಗೊಂಡ ಬಾ" ಅಂದ ಕಾಕಾ.