ಕೊಳವೆ ಅನಿಲಕ್ಕೆ ಹಳೆಯ ಒಲೆಯನ್ನು ಹೊಂದಿಸಿಕೊಳ್ಳುವ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ದಾಭೋಳ್–ಬೆಂಗಳೂರು ಕೊಳವೆ ಮಾರ್ಗವು 2013ರಲ್ಲಿಯೂ, ಕೊಚ್ಚಿ–ಮಂಗಳೂರು ಮಾರ್ಗವು 2021ರ ಜನವರಿಯಲ್ಲಿಯೂ ಕಾರ್ಯಾರಂಭಗೊಂಡ ತರುವಾಯ ರಾಜ್ಯದ ಹಲವು ನಗರಗಳ ಮನೆಗಳಿಗೆ ಕೊಳವೆಯ ಮೂಲಕ ನೈಸರ್ಗಿಕ ಅನಿಲ (ಪಿ.ಎನ್.ಜಿ.) ದೊರೆಯುತ್ತಿದೆ. ಹೊಸ ಸಂಪರ್ಕ ಕೋರುವವರು ಅರ್ಜಿ, ಠೇವಣಿ, ದಾಖಲೆಗಳ ಬಗ್ಗೆ ಸವಿವರವಾಗಿ ವಿಚಾರಿಸುತ್ತಾರೆ. ಆದರೆ ಇಷ್ಟು ವರ್ಷ ಸಿಲಿಂಡರ್‌ಗೆ ಜೋಡಿಸಿದ್ದ ಒಲೆಯನ್ನು ಏನು ಮಾಡಬೇಕೆಂದು ವಿಚಾರಿಸುವವರು ವಿರಳ. ಅಪಾಯವಿರುವುದು ಹೆಚ್ಚಾಗಿ ಅಲ್ಲಿಯೇ ಆದುದರಿಂದ ಈ ವಿವರಣೆಯನ್ನು ನೀಡಲಾಗಿದೆ.

ಒಂದೇ ಒಲೆ ಎರಡಕ್ಕೂ ಏಕೆ ಆಗದು?

ಸಿಲಿಂಡರ್‌ನಲ್ಲಿ ಬರುವ ಎಲ್.ಪಿ.ಜಿ.ಯು ಪ್ರೋಪೇನ್ ಹಾಗೂ ಬ್ಯುಟೇನ್‌ಗಳ ಮಿಶ್ರಣ. ಕೊಳವೆಯಲ್ಲಿ ಬರುವುದು ಬಹುಪಾಲು ಮೀಥೇನ್. ಸಮಾನ ಗಾತ್ರದ ಅನಿಲವನ್ನು ಹೋಲಿಸಿದಲ್ಲಿ ಪ್ರೋಪೇನ್ ನೈಸರ್ಗಿಕ ಅನಿಲದ ಸುಮಾರು ಎರಡೂವರೆ ಪಟ್ಟು ಶಾಖವನ್ನು ಕೊಡುತ್ತದೆ. ಬ್ಯುಟೇನ್ ಅದಕ್ಕಿಂತಲೂ ಹೆಚ್ಚು. ಉರಿಯಲು ಬೇಕಾದ ಗಾಳಿಯೂ ಬೇರೆ ಬೇರೆ. ಒಂದು ಪಾಲು ಮೀಥೇನ್‌ಗೆ ಸುಮಾರು 9.5 ಪಾಲು ಗಾಳಿ ಸಾಕಾದರೆ, ಪ್ರೋಪೇನ್‌ಗೆ ಸುಮಾರು 24 ಪಾಲು ಹಾಗೂ ಬ್ಯುಟೇನ್‌ಗೆ ಸುಮಾರು 31 ಪಾಲು ಗಾಳಿ ಬೇಕು. ಒತ್ತಡದಲ್ಲಿಯೂ ವ್ಯತ್ಯಾಸವಿದೆ: ಸಿಲಿಂಡರ್‌ನ ರೆಗ್ಯುಲೇಟರ್‌ನಿಂದ ಸುಮಾರು 30 ಮಿಲಿಬಾರ್, ಮನೆಯೊಳಗಿನ ಕೊಳವೆಯಿಂದ ಸುಮಾರು 21 ಮಿಲಿಬಾರ್ ಒತ್ತಡದಲ್ಲಿ ಅನಿಲ ಬರುತ್ತದೆ.

ಈ ಎಲ್ಲ ವ್ಯತ್ಯಾಸಗಳನ್ನು ಸರಿದೂಗಿಸುವುದು ಜೆಟ್ ಎಂಬ ಹಿತ್ತಾಳೆಯ ಸಣ್ಣ ತುಂಡು. ಪ್ರತಿ ಬರ್ನರ್‌ಗೆ ಅನಿಲವು ಇದರ ನಡುವಿನ ರಂಧ್ರದಿಂದಲೇ ಹೊರಬರುತ್ತದೆ. ಎಲ್.ಪಿ.ಜಿ. ಜೆಟ್‌ನ ರಂಧ್ರ ಕಿರಿದು, ಪಿ.ಎನ್.ಜಿ. ಜೆಟ್‌ನದು ಹಿರಿದು. ಸಿಲಿಂಡರ್‌ನ ಒಲೆಯನ್ನು ಹಾಗೆಯೇ ಕೊಳವೆಗೆ ಜೋಡಿಸಿದರೆ ಶಾಖವು ಸುಮಾರು ಅರ್ಧಕ್ಕಿಳಿದು ಅಡುಗೆ ತಡವಾಗುತ್ತದೆ. ಇದು ತೊಂದರೆಯೇ ಹೊರತು ದೊಡ್ಡ ಅಪಾಯವಲ್ಲ. ಆದರೆ ಉರಿ ಸಾಲದೆಂದು ಬೀದಿಯ ರಿಪೇರಿಯವರಿಂದ ಹಳೆಯ ಜೆಟ್‌ನ ರಂಧ್ರವನ್ನು ಸೂಜಿಯಿಂದಲೋ ಡ್ರಿಲ್‌ನಿಂದಲೋ ಅಗಲಿಸಿಕೊಳ್ಳುವುದು ಅಪಾಯಕ್ಕೆ ನಾಂದಿ. ಹೀಗೆ ಕೊರೆದ ರಂಧ್ರದ ಅಳತೆ ಯಾರಿಗೂ ತಿಳಿದಿರುವುದಿಲ್ಲ. ಅಂಚು ಒರಟಾಗಿ, ಅನಿಲ ಓರೆಯಾಗಿ ಚಿಮ್ಮಿ, ಗಾಳಿಯೊಡನೆ ಸರಿಯಾಗಿ ಬೆರೆಯುವುದಿಲ್ಲ. ಜೆಟ್‌ಗಳನ್ನು ಬದಲಾಯಿಸತಕ್ಕದ್ದೇ ಹೊರತು ಕೊರೆಯತಕ್ಕದ್ದಲ್ಲ.

ಪರಿವರ್ತನೆಯ ದಿನ

ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ಅಧಿನಿಯಮ, 2006ರ ಮೇರೆಗೆ ಅಧಿಕಾರ ಪಡೆದ ವಿತರಣಾ ಸಂಸ್ಥೆಯೇ ಆಯಾ ಪ್ರದೇಶದಲ್ಲಿ ಸಂಪರ್ಕ ನೀಡುತ್ತದೆ. ಅನಿಲ ಹರಿಸುವ ದಿನ ಒಲೆಯ ಜೆಟ್ ಬದಲಾವಣೆಯನ್ನೂ ಸದರಿ ಸಂಸ್ಥೆಯ ತಂತ್ರಜ್ಞರಿಂದಲೇ ಮಾಡಿಸಿಕೊಳ್ಳುವುದು ಸೂಕ್ತ. ಅರ್ಜಿಯೊಡನೆ ಒಲೆಯ ತಯಾರಕರ ಹೆಸರು, ಮಾದರಿ ಹಾಗೂ ಬರ್ನರ್‌ಗಳ ಸಂಖ್ಯೆಯನ್ನು ಮೊದಲೇ ತಿಳಿಸಿದ್ದರೆ ಜೆಟ್ ಸಿಗದೆ ಕೆಲಸ ಮುಂದೂಡಲ್ಪಡುವುದಿಲ್ಲ. ಬಾಡಿಗೆದಾರರು ಮನೆಯ ಮಾಲೀಕರ ಒಪ್ಪಿಗೆ ಪತ್ರವನ್ನೂ ಸಿದ್ಧವಿಟ್ಟುಕೊಳ್ಳುವುದು.

ಕೆಲಸ ಆರಂಭಿಸುವ ಮುನ್ನ ಸಿಲಿಂಡರ್ ಮುಚ್ಚಿ ಹೊರಗಿಡಬೇಕು. ಹಳೆಯ ರಬ್ಬರ್ ಕೊಳವೆಯನ್ನೇ ಮುಂದುವರಿಸುವುದು ಬೇಡ. ಕೆಲಸ ಮುಗಿದ ನಂತರ ಪ್ರತಿ ಜೋಡಣೆಗೂ ಸಾಬೂನು ನೀರನ್ನು ಹಚ್ಚಿ ಗುಳ್ಳೆ ಏಳುವುದೇ ಎಂದು ಪರೀಕ್ಷಿಸತಕ್ಕದ್ದು. ಬೆಂಕಿಕಡ್ಡಿ ಗೀರಿ ಸೋರಿಕೆ ನೋಡುವ ಅಭ್ಯಾಸ ಇಂದಿಗೂ ಪೂರ್ಣವಾಗಿ ಹೋಗಿಲ್ಲ. ಅದನ್ನು ಯಾರೇ ಮಾಡಿದರೂ ಕೂಡಲೇ ತಡೆಯಬೇಕು.

ಜ್ವಾಲೆಯನ್ನು ಮನೆಯವರೇ ನೋಡಿ ಒಪ್ಪಬೇಕು. ಸರಿಯಾದ ಜ್ವಾಲೆ ನೀಲಿಯಾಗಿ, ನಿಶ್ಚಲವಾಗಿ ಉರಿಯುತ್ತದೆ. ತುದಿ ಹಳದಿಯಾಗಿದ್ದರೆ, ಪಾತ್ರೆಯ ತಳ ಕಪ್ಪಾದರೆ ಗಾಳಿ ಸಾಲುತ್ತಿಲ್ಲವೆಂದರ್ಥ. ಜ್ವಾಲೆಯು ಸದ್ದು ಮಾಡುತ್ತಾ ಬರ್ನರ್‌ನಿಂದ ಮೇಲಕ್ಕೆದ್ದು ಉರಿದರೂ ಹೊಂದಾಣಿಕೆ ತಪ್ಪಿದೆ. ಉರಿಯನ್ನು ಸಿಮ್‌ಗೆ ಇಳಿಸಿ ಐದು ನಿಮಿಷ ಬಿಟ್ಟು ನೋಡುವುದು ಅತ್ಯವಶ್ಯ. ಹಾಲು ಕಾಯಲಿಟ್ಟು ಹಿಂದಿರುಗುವಷ್ಟರಲ್ಲಿ ಜ್ವಾಲೆ ನಂದಿ ಅನಿಲ ಮಾತ್ರ ಹೊರಬರುವ ಸ್ಥಿತಿ ಉಂಟಾಗಬಾರದು.

ಗ್ಯಾಸ್ ಗೀಸರ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾಗಿದೆ. ಗೀಸರ್‌ನಲ್ಲಿ ಹಲವು ಜೆಟ್‌ಗಳ ಸಾಲೇ ಇರುವುದರಿಂದ ಒಂದೆರಡನ್ನು ಬದಲಿಸಿದರೆ ಪ್ರಯೋಜನವಿಲ್ಲ. ಪರಿವರ್ತಿಸಲು ಬಾರದ ಮಾದರಿಗಳೂ ಇವೆ. ತಯಾರಕರು ಲಿಖಿತವಾಗಿ ಒಪ್ಪದಿದ್ದಲ್ಲಿ ಪಿ.ಎನ್.ಜಿ.ಗೆಂದೇ ತಯಾರಾದ ಗೀಸರ್ ಕೊಳ್ಳುವುದು ಲೇಸು. ಅದಕ್ಕೆ ಬೇಕಾದ ಹೆಚ್ಚುವರಿ ಕವಲಿಗೂ ವಿತರಣಾ ಸಂಸ್ಥೆಗೇ ಅರ್ಜಿ ಸಲ್ಲಿಸಬೇಕು. ಅಪೂರ್ಣವಾಗಿ ಉರಿಯುವ ಅನಿಲದಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಸ್ನಾನಗೃಹದಲ್ಲಿ ತಲೆನೋವು, ತಲೆಸುತ್ತು, ವಾಕರಿಕೆಯಿಂದ ಆರಂಭವಾಗಿ ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆರವಾಗಬಹುದು. ಯಾವ ಅನಿಲವೇ ಆಗಲಿ, ಗೀಸರ್ ಅನ್ನು ಸ್ನಾನಗೃಹದ ಹೊರಗೆ, ಗಾಳಿಯಾಡುವ ಕಡೆ ಅಳವಡಿಸತಕ್ಕದ್ದು.

ಸೋರಿದ ಅನಿಲ ನಿಲ್ಲುವ ಜಾಗವೂ ಬದಲಾಗುತ್ತದೆ. ಎಲ್.ಪಿ.ಜಿ. ಗಾಳಿಗಿಂತ ಭಾರವಾದುದರಿಂದ ನೆಲದಲ್ಲಿ, ಚರಂಡಿಯಲ್ಲಿ ತಂಗುತ್ತದೆ. ನೈಸರ್ಗಿಕ ಅನಿಲ ಹಗುರವಾದುದರಿಂದ ಸೂರಿನತ್ತ ಏರುತ್ತದೆ. ಆದುದರಿಂದ ಅಡುಗೆಮನೆಯ ಮೇಲ್ಭಾಗದ ಕಿಂಡಿಯನ್ನು ಚಳಿಗೋ ಸೊಳ್ಳೆಗೋ ಅಂಜಿ ಮುಚ್ಚಬಾರದು.

ಮತ್ತೆ ಸಿಲಿಂಡರ್‌ಗೆ ಹಿಂದಿರುಗುವಾಗ

ಅತ್ಯಂತ ಗಂಭೀರವಾದ ವಿಷಯ ಇದು, ಮರೆತುಹೋಗುವುದೂ ಇದೇ. ಬಾಡಿಗೆದಾರರು ಕೊಳವೆ ಅನಿಲವಿಲ್ಲದ ಬಡಾವಣೆಗೆ ಮನೆ ಬದಲಿಸುತ್ತಾರೆ. ಹೊಸ ಒಲೆ ಕೊಂಡವರು ಹಳೆಯದನ್ನು ಊರಿನ ಬಂಧುಗಳಿಗೆ ಕಳುಹಿಸುತ್ತಾರೆ. ಹೊರಗಿನಿಂದ ನೋಡಿದರೆ ಒಲೆಯಲ್ಲಿ ಯಾವ ವ್ಯತ್ಯಾಸವೂ ಕಾಣದು. ಆದರೆ ಒಳಗೆ ದೊಡ್ಡ ರಂಧ್ರದ ಜೆಟ್‌ಗಳಿರುತ್ತವೆ. ಅಂತಹ ಒಲೆಗೆ ಸಿಲಿಂಡರ್ ಜೋಡಿಸಿದರೆ ಶಾಖವು ನಿಗದಿಗಿಂತ ಸುಮಾರು ಎರಡು ಪಟ್ಟಾಗಿ, ಸಾಕಷ್ಟು ಗಾಳಿ ದೊರೆಯದೆ, ಹಳದಿ ಜ್ವಾಲೆ ಪಾತ್ರೆಯ ಸುತ್ತ ಮೇಲೇಳುತ್ತದೆ. ಸೀರೆಯ ಸೆರಗಿಗೆ ಬೆಂಕಿ ತಗಲುವ ಸಂಭವವಿದೆ. ಕಾರ್ಬನ್ ಮೊನಾಕ್ಸೈಡ್ ಹೆಚ್ಚುವ ಸಂಭವವೂ ಇದೆ.

ಆದುದರಿಂದ ಪರಿವರ್ತನೆಯ ದಿನ ತೆಗೆದ ಹಳೆಯ ಜೆಟ್‌ಗಳನ್ನು ತಂತ್ರಜ್ಞರಿಂದ ಕೇಳಿ ಪಡೆದು, ಸಣ್ಣ ಪೊಟ್ಟಣದಲ್ಲಿಟ್ಟು ಕೆಲಸದ ರಸೀದಿಯೊಡನೆ ಜೋಪಾನ ಮಾಡುವುದು. ಒಲೆಯ ತಳದಲ್ಲಿ ಶಾಖ ತಾಗದ ಕಡೆ "ಪಿ.ಎನ್.ಜಿ. ಜೆಟ್ ಅಳವಡಿಸಿದೆ" ಎಂದು ದಿನಾಂಕ ಸಹಿತ ಬರೆದ ಚೀಟಿ ಅಂಟಿಸುವುದು. ಒಲೆಯನ್ನು ಇತರರಿಗೆ ಕೊಡುವಾಗ ಪೊಟ್ಟಣವನ್ನೂ ಕೊಡುವುದು. ಹೊಸ ಊರಿನಲ್ಲಿ ಎಲ್.ಪಿ.ಜಿ. ವಿತರಕರ ಮೆಕ್ಯಾನಿಕ್‌ನಿಂದ ಜೆಟ್ ಬದಲಿಸಿ ಪರೀಕ್ಷೆ ಮಾಡಿಸುವವರೆಗೆ ಒಲೆ ಹಚ್ಚತಕ್ಕದ್ದಲ್ಲ. ಎಲ್.ಪಿ.ಜಿ. ಸಂಪರ್ಕವನ್ನು ಹಿಂದಿರುಗಿಸಿದವರಿಗೆ ವಿತರಕರು ನೀಡಿದ ಟರ್ಮಿನೇಷನ್ ವೋಚರ್ ಮರುಸಂಪರ್ಕದ ಸಮಯದಲ್ಲಿ ಉಪಯೋಗಕ್ಕೆ ಬರುತ್ತದೆ.

ಅನಿಲದ ವಾಸನೆ ಬಂದಲ್ಲಿ ವಿದ್ಯುತ್ ಸ್ವಿಚ್‌ಗಳನ್ನು ಮುಟ್ಟದೆ, ವಾಲ್ವ್ ಮುಚ್ಚಿ, ಕಿಟಕಿ ಬಾಗಿಲು ತೆರೆದು ಹೊರಬಂದು ದೂರವಾಣಿ ಮಾಡಬೇಕು. ಎಲ್.ಪಿ.ಜಿ. ಸೋರಿಕೆಗೆ 1906, ಕೊಳವೆ ಅನಿಲಕ್ಕೆ ವಿತರಣಾ ಸಂಸ್ಥೆಯ ತುರ್ತು ಸಂಖ್ಯೆ (ಇದನ್ನು ಸಂಪರ್ಕ ಪಡೆದ ದಿನವೇ ಬರೆದಿಟ್ಟುಕೊಳ್ಳುವುದು), ಬೆಂಕಿ ಕಾಣಿಸಿಕೊಂಡಲ್ಲಿ 112. ಜೆಟ್ ಬದಲಾವಣೆ ಅಥವಾ ಸೇವೆಯ ನ್ಯೂನತೆಯ ಬಗ್ಗೆ ಸಂಸ್ಥೆಯಿಂದ ಉತ್ತರ ಬಾರದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ, ರಸೀದಿಯ ವಿವರಗಳೊಡನೆ, ದೂರು ದಾಖಲಿಸಬಹುದಾಗಿದೆ.